ಬೇರೆ ಟೈಮ್ ಹುಡುಕಬೇಡಿ, ಹೋಗುವ ದಾರಿಯಲ್ಲೇ ಮಾಡಿ

"ಬೆಳಿಗ್ಗೆ ತುಮಕೂರಲ್ಲಿ ರೈಲು ಹತ್ತಿದರೆ ಬೆಂಗಳೂರಿನಿಂದ ವಾಪಸ್ ಬರುವಾಗ ರಾತ್ರಿ. ಯಾರಿಗಾದರೂ ನೆರವಾಗಬೇಕು ಅನಿಸುತ್ತೆ, ಟೈಮ್ ಎಲ್ಲಿದೆ?" ಅಂತ ಕೇಳಿದ್ದೀರಿ. ಒಂಬತ್ತು ವರ್ಷ ನಾನೂ ಹೀಗೇ ಓಡಾಡಿದವಳು. ನಿಮ್ಮ ಸುಸ್ತು ನನಗೆ ಗೊತ್ತು.

ಒಂದು ದಿನ ಬಾಗಿಲ ಹತ್ತಿರ ಒಬ್ಬ ಅಜ್ಜಿ ಹುಣಸೆಹಣ್ಣಿನ ಚೀಲ ಹಿಡಿದು ನಿಂತಿದ್ದರು. ಯಶವಂತಪುರ ಬಂತು, ಎಲ್ಲರಿಗೂ ಇಳಿಯುವ ಅವಸರ. ಚೀಲ ಇಳಿಸಿ, ಅವರು ಸಿಂಬಿ ಸರಿಮಾಡಿಕೊಂಡ ಮೇಲೆ ತಲೆಗೆ ಎತ್ತಿಟ್ಟೆ. ಒಂದು ನಿಮಿಷವೂ ಆಗಲಿಲ್ಲ. "ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ" ಅಂದರು. ಆ ಮಾತು ಇಡೀ ದಿನ ನನ್ನ ಜೊತೆಗಿತ್ತು. ಅವತ್ತಿನಿಂದ ಇಳಿಯುವ ಮುಂಚೆ ಸುಮ್ನೆ ಒಂದು ಸಲ ಸುತ್ತ ನೋಡುತ್ತೇನೆ. ಯಾರಾದರೂ ಇದ್ದೇ ಇರುತ್ತಾರೆ.

ರಕ್ತದಾನಕ್ಕೂ ಜಾಸ್ತಿ ಹೊತ್ತು ಬೇಡ. ಆರೋಗ್ಯವಾಗಿರುವ ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಹುಟ್ಟಿದಹಬ್ಬದ ದಿನ ಅಂತ ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ರಜೆ ಸಿಕ್ಕಾಗ ಸಿದ್ಧಗಂಗಾ ಮಠದ ದಾಸೋಹಕ್ಕೆ ಒಂದು ಚೀಲ ರಾಗಿನೋ ಅಕ್ಕಿನೋ ಕೊಟ್ಟು ಬನ್ನಿ. ಅಲ್ಲಿ ಸಾವಿರಾರು ಮಕ್ಕಳು ಉಣ್ಣುತ್ತಾರೆ, ಅಲ್ವಾ?

ಇನ್ನೊಂದು ವಿಷಯ. ನಿಮ್ಮ ಬೀದಿಯಲ್ಲಿ ಒಬ್ಬರೇ ಇರುವ ವಯಸ್ಸಾದವರು ಇದ್ದರೆ, ವಾಪಸ್ ಬರುವಾಗ ರೈಲಿನಿಂದಲೇ ಫೋನ್ ಮಾಡಿ, "ಮಾತ್ರೆ ಏನಾದರೂ ತರಬೇಕಾ?" ಅಂತ ಕೇಳಿ. ಏನೂ ಬೇಡ ಅಂದರೂ ಎರಡು ಮಾತು ಆಡಿಯೇ ಫೋನ್ ಇಡಿ. ಎಷ್ಟೋ ಸಲ ಅವರಿಗೆ ಬೇಕಾಗಿರುವುದು ಆ ಎರಡು ಮಾತೇ.