200 ವರ್ಷ ಮಲಗಿದವಳು 5 ನಿಮಿಷಕ್ಕೆ ಏಳುವಳೇ?

ಪ್ರಶ್ನೆ: ವಿಜ್ಞಾನ ಕಥೆಯೊಂದನ್ನು ಬರೆಯುತ್ತಿದ್ದೇನೆ. ನಾಯಕಿ ಕಾರವಾರದ ಹುಡುಗಿ. ಬೇರೆ ನಕ್ಷತ್ರಕ್ಕೆ ಹೊರಟ ನೌಕೆಯಲ್ಲಿ ಮೈನಸ್ 196 ಡಿಗ್ರಿಯ ಪೆಟ್ಟಿಗೆಯೊಳಗೆ 200 ವರ್ಷ ಮಲಗಿ, ಗುಂಡಿ ಒತ್ತಿದ 5 ನಿಮಿಷಕ್ಕೆ ಎದ್ದು ನಡೆಯುತ್ತಾಳೆ. ಓದಿದವರು ‘ಇದು ಆಗದ ಮಾತು’ ಅನ್ನುತ್ತಾರೆ. ಬೈತಖೋಲ ಬಂದರಿನಲ್ಲಿ ಐಸ್ ಹಾಕಿದ ಬಂಗಡೆ ದಿನಗಟ್ಟಲೆ ಕೆಡುವುದಿಲ್ಲವಲ್ಲ, ಮನುಷ್ಯರ ಮೈ ಯಾಕೆ ಕೆಡಬೇಕು?
– ಓದುಗರು, ಕಾರವಾರ

ಉತ್ತರ: ಬಂದರಿನ ಐಸ್‌ನಲ್ಲಿರುವ ಬಂಗಡೆ ಹೆಪ್ಪುಗಟ್ಟಿರುವುದಿಲ್ಲ. ಅದು 0 ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗಿರುತ್ತದೆ, ಅಷ್ಟೆ. ಹೆಪ್ಪುಗಟ್ಟಿದರೆ ಏನಾಗುತ್ತದೆಂದು ನೋಡಬೇಕಾದರೆ ಮನೆಯ ಫ್ರೀಜರಿನಲ್ಲಿ ವಾರವಿಟ್ಟ ಬಂಗಡೆಯನ್ನು ತಟ್ಟೆಗೆ ಹಾಕಿ. ಐಸ್ ಬಿಟ್ಟಂತೆ ಅಡಿಯಲ್ಲಿ ನಸುಗೆಂಪು ನೀರು ನಿಲ್ಲುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತದೆ. ಆ ನೀರು ಜೀವಕೋಶಗಳ ಒಳಗಿದ್ದದ್ದು. ನಿಧಾನವಾಗಿ ತಂಪಾಗಿಸಿದರೆ ಮೊದಲು ಕೋಶಗಳ ಹೊರಗೆ ಹಿಮದ ಹರಳು ಮೂಡುತ್ತದೆ. ಉಳಿದ ದ್ರವದಲ್ಲಿ ಉಪ್ಪು ದಟ್ಟವಾಗಿ, ಕೋಶದೊಳಗಿನ ನೀರನ್ನೆಲ್ಲ ಹೀರುತ್ತದೆ. ಬೇಗ ತಂಪಾಗಿಸಿದರೆ ಹರಳು ಒಳಗೇ ಬೆಳೆದು ಪೊರೆಯನ್ನು ಹರಿಯುತ್ತದೆ.

ಇದಕ್ಕೆ ಉಪಾಯವಿದೆ. ಗ್ಲಿಸರಾಲ್‌ನಂಥ ರಕ್ಷಕ ದ್ರವ ತುಂಬಿ, ನೀರು ಹರಳಾಗದೆ ಗಾಜಿನಂತೆ ಗಟ್ಟಿಯಾಗುವ ಹಾಗೆ ಮಾಡುವುದು. ಭ್ರೂಣಗಳನ್ನು ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡುವುದು ಹೀಗೆಯೇ. ಅಲ್ಲಿ ಇರುವುದು ಬೆರಳೆಣಿಕೆಯ ಇಲ್ಲವೇ ನೂರಾರು ಕೋಶ, ಹಾಗಾಗಿ ಬಿಸಿ ಎಲ್ಲ ಕಡೆ ಒಟ್ಟಿಗೇ ತಲುಪುತ್ತದೆ. ಅಂಗ ದೊಡ್ಡದಾದಷ್ಟೂ ಕಷ್ಟ. ಹೊರಭಾಗ ಬೆಚ್ಚಗಾಗಿ ಒಳಭಾಗ ತಣ್ಣಗುಳಿದರೆ ಗಾಜು ಬಿರುಕು ಬಿಡುತ್ತದೆ. ಬಿಸಿ ನಿಧಾನವಾಗಿ ಏರಿದರೆ ದಾರಿಯಲ್ಲೇ ಹರಳು ಹುಟ್ಟುತ್ತದೆ. 2023ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು ಇಲಿಯ ಮೂತ್ರಪಿಂಡವನ್ನು ಹೀಗೆ 100 ದಿನದವರೆಗೆ ಇಟ್ಟು, ಅದರೊಳಗೆ ತುಂಬಿದ್ದ ಐರನ್ ಆಕ್ಸೈಡ್‌ನ ಅತಿಸೂಕ್ಷ್ಮ ಕಣಗಳನ್ನು (ನ್ಯಾನೊಕಣ) ಕಾಂತಕ್ಷೇತ್ರದಿಂದ ಕಾಯಿಸಿ ಒಳಗಿನಿಂದಲೇ ಸಮವಾಗಿ ಬೆಚ್ಚಗಾಗಿಸಿದರು. ಇನ್ನೊಂದು ಇಲಿಗೆ ಜೋಡಿಸಿದಾಗ ಅದು ಕೆಲಸ ಮಾಡಿತು. ಇಡೀ ಮನುಷ್ಯದೇಹಕ್ಕೆ ಈ ದಾರಿ ಇನ್ನೂ ಬಹುದೂರ. ನಿಮ್ಮ ಕಥೆ ಎಡವಿರುವುದು ತಂಪು ಮಾಡುವಲ್ಲಲ್ಲ, ಬೆಚ್ಚಗಾಗಿಸುವಲ್ಲಿ.

ಇನ್ನೊಂದು ತೊಡಕನ್ನು ಹೆಚ್ಚಿನ ಕಥೆಗಾರರು ಮರೆಯುತ್ತಾರೆ: ವಿಕಿರಣ. ಕ್ಯೂರಿಯಾಸಿಟಿ ನೌಕೆ ಮಂಗಳಕ್ಕೆ ಹೋಗುವಾಗ ಅಳೆದದ್ದು ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ಸೀವರ್ಟ್ ಎಂದರೆ ಮೈಗೆ ತಗುಲುವ ವಿಕಿರಣದ ಅಳತೆ), ಅಂದರೆ ವರ್ಷಕ್ಕೆ ಅರ್ಧ ಸೀವರ್ಟ್‌ಗಿಂತ ಹೆಚ್ಚು. ಎಚ್ಚರವಿರುವ ದೇಹ ಆದ ಗಾಯವನ್ನು ಆಗಾಗ ರಿಪೇರಿ ಮಾಡಿಕೊಳ್ಳುತ್ತದೆ. ಮೈನಸ್ 196ರಲ್ಲಿ ರಿಪೇರಿ ನಿಂತಿರುತ್ತದೆ, ಹೊಡೆತ ನಿಂತಿರುವುದಿಲ್ಲ. 200 ವರ್ಷದ ಲೆಕ್ಕ 100 ಸೀವರ್ಟ್ ದಾಟುತ್ತದೆ. ಒಮ್ಮೆಗೇ 4-5 ಸೀವರ್ಟ್ ತಗುಲಿದರೆ ಚಿಕಿತ್ಸೆಯಿಲ್ಲದ ಅರ್ಧದಷ್ಟು ಜನ ಉಳಿಯುವುದಿಲ್ಲ. ಭೂಮಿಯಲ್ಲಿ ಈ ವಿಕಿರಣದಿಂದ ನಮ್ಮನ್ನು ಕಾಯುವ, ತಲೆಯ ಮೇಲಿನ ವಾಯುಮಂಡಲ ತೂಕದಲ್ಲಿ ಸುಮಾರು 10 ಮೀಟರ್ ಆಳದ ನೀರಿಗೆ ಸಮ. 200 ವರ್ಷ ಬಿಡಲಾರೆ ಎನ್ನುವುದಾದರೆ ಪೆಟ್ಟಿಗೆಯ ಸುತ್ತ ಮೀಟರುಗಟ್ಟಲೆ ನೀರಿನ ಟ್ಯಾಂಕು ಬರೆಯಿರಿ. ಅದರ ಭಾರವನ್ನು ಹೊರಡಿಸುವ ಇಂಧನವನ್ನೂ ಬರೆಯಿರಿ.

ನನ್ನನ್ನು ಕೇಳಿದರೆ ಕಥೆಯನ್ನು ಮಂಗಳಕ್ಕೆ ತಿರುಗಿಸಿ. ಪ್ರಯಾಣ 6ರಿಂದ 9 ತಿಂಗಳು, ಹೆಪ್ಪುಗಟ್ಟಿಸುವ ಗೊಡವೆಯೇ ಇಲ್ಲ. ಮಳೆಗಾಲದಲ್ಲಿ ಶಿರಸಿಯ ಗದ್ದೆಗಳಲ್ಲಿ ವಟಗುಟ್ಟುವ ಕಪ್ಪೆಗಳಲ್ಲಿ ಕೆಲವು ಬೇಸಿಗೆಯನ್ನು ಮಣ್ಣಿನೊಳಗೆ ಕಳೆಯುವುದೂ ಹೆಪ್ಪುಗಟ್ಟಿ ಅಲ್ಲ, ಮೈಯ ಖರ್ಚು ಇಳಿಸಿಕೊಂಡು. ಅಮೆರಿಕದ ಸ್ಪೇಸ್‌ವರ್ಕ್ಸ್ ಸಂಸ್ಥೆ ನಾಸಾದ ಧನಸಹಾಯದಲ್ಲಿ ಇಂಥದ್ದೇ ಯೋಜನೆ ರೂಪಿಸಿತ್ತು: ಮೈಯನ್ನು 32-34 ಡಿಗ್ರಿಗೆ ಇಳಿಸಿ ಸುಮಾರು ಎರಡು ವಾರ ಮಲಗಿಸುವುದು, ಸರದಿಯಲ್ಲಿ ಎಬ್ಬಿಸುವುದು, ಆಹಾರವನ್ನು ರಕ್ತನಾಳಕ್ಕೇ ಕೊಡುವುದು. ಹೃದಯ ನಿಂತು ಬದುಕಿದವರಿಗೆ ಐಸಿಯುನಲ್ಲಿ ಇದೇ ಮಟ್ಟದ ತಂಪು ಕೊಡುವುದುಂಟು, ಆದರೆ ಒಂದರಿಂದ ಮೂರು ದಿನ ಮಾತ್ರ. ವಾರಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು, ಮೈಯೊಳಗೆ ತೂರಿಸಿದ ಕೊಳವೆಯಿಂದ (ಕ್ಯಾಥೆಟರ್) ಸೋಂಕು, ಸ್ನಾಯು ಸವೆತ ಕಾಡುತ್ತವೆ. ಮೈ ನಡುಗದಂತೆ ಔಷಧಿ ಕೊಡುತ್ತಲೇ ಇರಬೇಕು; ನಡುಗಿದರೆ ಉಳಿಸಿದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ.

ಎಬ್ಬಿಸುವ ದೃಶ್ಯದಲ್ಲಿ ಅವಸರ ಬೇಡ. ತಾಸಿಗೆ 0.25ರಿಂದ 0.5 ಡಿಗ್ರಿ ಲೆಕ್ಕದಲ್ಲಿ 33ರಿಂದ 37ಕ್ಕೆ ಏರಲು 8ರಿಂದ 16 ತಾಸು ಬೇಕು. ತಂಪಿನಲ್ಲಿ ಕೋಶದೊಳಗೆ ಸೇರಿದ್ದ ಪೊಟ್ಯಾಸಿಯಂ ಈಗ ರಕ್ತಕ್ಕೆ ಮರಳುತ್ತದೆ. ಬಿಸಿ ಬೇಗ ಏರಿದರೆ ಅದು ಒಮ್ಮೆಲೇ ಹೆಚ್ಚಿ ಹೃದಯದ ಬಡಿತ ತಪ್ಪುತ್ತದೆ. ರಕ್ತನಾಳ ಸಡಿಲವಾಗಿ ಬಿಪಿ ಕುಸಿಯುತ್ತದೆ. ನಿಮ್ಮ ಹುಡುಗಿಯ ಪಕ್ಕದಲ್ಲಿ ಎಚ್ಚರವಿರುವ ಒಬ್ಬರು ಕೂತು, ಇಸಿಜಿ ಗೆರೆಯ ಮೇಲೆ ಕಣ್ಣಿಟ್ಟು, ಗೆರೆ ಕೆಟ್ಟಾಗಲೆಲ್ಲ ಹೀಟರು ತಗ್ಗಿಸುತ್ತ ಆ ರಾತ್ರಿ ಕಳೆಯಲಿ.