ಎರಿ ಮಣ್ಣಿನ 8.9 ಆಂಗ್‌ಸ್ಟ್ರಾಮ್ ಪೀಕ್ ಯಾವ ಖನಿಜದ್ದು?

ಪ್ರಶ್ನೆ: ನವಲಗುಂದದ ಎರಿ ಹೊಲದ ಜೇಡಿಯನ್ನು ಎಕ್ಸ್-ರೇಗೆ ಹಾಕಿದೆ. ಗ್ಲೈಕಾಲ್ (ಪದರಗಳ ಸಂದಿಗೆ ನುಗ್ಗುವ ದ್ರವ) ಕೊಟ್ಟ ಮೇಲೆ 17, 8.9, 5.5 ಆಂಗ್‌ಸ್ಟ್ರಾಮ್‌ನಲ್ಲಿ ಪೀಕ್ ಬಂದಿವೆ. ನಡುವಿನದನ್ನು ಇಲೈಟ್ (ಉಬ್ಬದ ಜೇಡಿ ಖನಿಜ) ಎಂದು ಬರೆಯಬಹುದೇ?
— ಎಂ.ಎಸ್‌ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಬೇಡ. ಪೀಕ್, ಅಂದರೆ ಎಕ್ಸ್-ರೇ ನಕ್ಷೆಯ ಶಿಖರ, ಹರಳಿನ ಪದರಗಳ ಅಂತರವನ್ನು ಆಂಗ್‌ಸ್ಟ್ರಾಮ್‌ನಲ್ಲಿ (ಮೀಟರಿನ ಸಾವಿರ ಕೋಟಿಯ ಒಂದು ಪಾಲು) ಹೇಳುತ್ತದೆ. ಒಂದೇ ಅಂತರ ತನ್ನ ಅರ್ಧ, ಮೂರನೇ ಒಂದರಲ್ಲೂ ಪೀಕ್ ಕೊಡುತ್ತದೆ. ಎರಡನೆಯ ಪೀಕನ್ನು 2ರಿಂದ, ಮೂರನೆಯದನ್ನು 3ರಿಂದ ಗುಣಿಸಿ ನೋಡಿ. ಬರೀ ಸ್ಮೆಕ್ಟೈಟ್ (ಉಬ್ಬುವ ಜೇಡಿ ಖನಿಜ) ಆಗಿದ್ದರೆ ಎರಡು ಸಲವೂ 17ರ ಆಸುಪಾಸು ಬರಬೇಕು. ನಿಮಗೆ ಬರುವುದು 17.8 ಮತ್ತು 16.5. ಇಲೈಟ್ ಬೇರೆ ಕಣವಾಗಿ ಬೆರೆತಿದ್ದರೆ ತನ್ನ 10 ಮತ್ತು 5ರಲ್ಲೇ ನಿಲ್ಲುತ್ತಿತ್ತು. ಒಂದೇ ಹರಳಿನೊಳಗೆ ಎರಡೂ ಬಗೆಯ ಪದರ ಒಂದರ ಮೇಲೊಂದು ಕೂತಾಗಲೇ ಪೀಕ್ ಹೀಗೆ ನಡುವೆ ಬೀಳುತ್ತದೆ. ಇದು ಇಲೈಟ್-ಸ್ಮೆಕ್ಟೈಟ್ ಮಿಶ್ರಪದರ ಖನಿಜ.

ಎರಡರ ಪದರವೂ ಒಂದೇ ಕಟ್ಟಿನದು: ಮೇಲೆ ಕೆಳಗೆ ಸಿಲಿಕಾ ಹಾಳೆ, ನಡುವೆ ಅಲ್ಯುಮಿನಾ ಹಾಳೆ. ಫರಕು ಇರುವುದು ಸಂದಿಯಲ್ಲಿ. ಇಲೈಟ್ ಪದರದ ಋಣ ಆವೇಶ ಹೆಚ್ಚು. ಪೊಟ್ಯಾಸಿಯಂ ಅಲ್ಲಿ ಬಿಗಿಯಾಗಿ ಕೂತಿರುವುದರಿಂದ ಗ್ಲೈಕಾಲ್ ನುಗ್ಗದು, ಅಂತರ 10ರಲ್ಲೇ ಉಳಿಯುತ್ತದೆ. ಸ್ಮೆಕ್ಟೈಟ್ ಸಂದಿ ಸಡಿಲ, ಗ್ಲೈಕಾಲ್ ಕುಡಿದು 17ಕ್ಕೆ ಉಬ್ಬುತ್ತದೆ.

ಇಲೈಟ್ ಪದರದ ಪ್ರಮಾಣ ತಿಳಿಯಲು ಪೀಕಿನ ಎತ್ತರ ನಂಬಬೇಡಿ, ಕೋನದ ಅಂತರ ಅಳೆಯಿರಿ. ತಾಮ್ರದ ಎಕ್ಸ್-ರೇ ಟ್ಯೂಬಿನಲ್ಲಿ ನಿಮ್ಮ 8.9 ಮತ್ತು 5.5ರ ಪೀಕುಗಳು 2-ಥೀಟಾ (ಎಕ್ಸ್-ರೇ ಬಾಗುವ ಕೋನ) 9.9 ಮತ್ತು 16.1 ಡಿಗ್ರಿಯಲ್ಲಿವೆ; ಅಂತರ 6.2 ಡಿಗ್ರಿ. ಈ ಅಂತರ ಬರೀ ಸ್ಮೆಕ್ಟೈಟಿಗೆ 5.3, ಬರೀ ಇಲೈಟಿಗೆ 8.9. ಏರಿಕೆ ನೇರ ಗೆರೆಯಲ್ಲಿಲ್ಲ, 6.2 ಎಂದರೆ ಸುಮಾರು ಶೇ. 40 ಇಲೈಟ್ ಪದರ. ಜೇಡಿ ಹಚ್ಚಿದ ಸ್ಲೈಡ್ ತುಸು ಮೇಲೆ ಕೆಳಗೆ ಕೂತರೂ ಎರಡೂ ಪೀಕ್ ಹೆಚ್ಚುಕಡಿಮೆ ಒಟ್ಟಿಗೇ ಸರಿಯುವುದರಿಂದ ಅಂತರ ಕೆಡುವುದಿಲ್ಲ. 3.3 ಡಿಗ್ರಿಯ ಹತ್ತಿರ 27 ಆಂಗ್‌ಸ್ಟ್ರಾಮ್ ಪೀಕ್ ಇದ್ದರೆ ಪದರಗಳು ಒಂದು ಬಿಟ್ಟು ಒಂದು ಕ್ರಮವಾಗಿವೆ ಎಂದರ್ಥ. ನಿಮ್ಮಲ್ಲಿ ಅದಿಲ್ಲ, ಜೋಡಣೆ ಅಡ್ಡಾದಿಡ್ಡಿ.

ಆದರೆ ತಯಾರಿ ಕೆಟ್ಟಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. ಎರಿ ಮಣ್ಣಿನಲ್ಲಿ ಸುಣ್ಣದ ಹರಳು ಹೇರಳ. ಅದನ್ನು ಕರಗಿಸಲು ಪ್ರಬಲ ಆಮ್ಲ ಹಾಕಿದರೆ ಜೇಡಿಯೇ ಹಾಳಾಗುತ್ತದೆ, ಪಿಎಚ್ 5ರ ಸೋಡಿಯಂ ಅಸಿಟೇಟ್ ಬಫರ್ ಬಳಸಿ. ಲವಣ ಉಳಿದರೆ ಜೇಡಿ ಹೆಪ್ಪುಗಟ್ಟಿ ತಳಕ್ಕಿಳಿಯುತ್ತದೆ. ನೀರು ಕದಡಿಕೊಂಡೇ ಉಳಿಯುವವರೆಗೆ ತೊಳೆಯಿರಿ. 2 ಮೈಕ್ರಾನ್‌ಗಿಂತ ಸಣ್ಣ ಕಣಕ್ಕೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 8 ಗಂಟೆ ಬಿಟ್ಟು ಮೇಲಿನ 10 ಸೆಂ.ಮೀ. ತೆಗೆಯಿರಿ. ಸ್ಲೈಡ್ ಮೇಲೆ ದಪ್ಪ ಹಚ್ಚಿದರೆ ಒಣಗಿ ಸುರುಳಿ ಏಳುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಗ್ಲೈಕಾಲ್ ಆವಿಗೆ 60 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಹೊರತೆಗೆದ ಕೂಡಲೇ ಎಕ್ಸ್-ರೇಗೆ ಹಾಕಿ. ತಡವಾದರೆ ಗ್ಲೈಕಾಲ್ ಹಾರಿ ಪೀಕ್ ಜಾರುತ್ತದೆ, ಇಲೈಟ್ ಹೆಚ್ಚಿದೆ ಎಂಬ ಸುಳ್ಳು ಉತ್ತರ ಬರುತ್ತದೆ.