ಕೆಳಗೆ ಅಂಗಡಿ, ಮೇಲೆ ಮನೆ

ಪತ್ರ: ಬೀದರ್‌ನ ಹಳೆಯ ಊರಿನ ನಡುವಿನ ಕಾವಲು ಗೋಪುರ ಚೌಬಾರಾದ ಸುತ್ತಲಿನ ಓಣಿಗಳಲ್ಲಿ ಮಳೆಗಾಲಕ್ಕೆ ಚರಂಡಿ ಉಕ್ಕುತ್ತದೆ, ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರಲಾರದು. ಆ ಓಣಿಗಳನ್ನು ಕೆಡವಿ, ಅಗಲವಾದ ರಸ್ತೆ, ನೆಲದಡಿ ವಾಹನ ನಿಲುಗಡೆ, ಕೆಳಗೆ ಮಳಿಗೆ, ಮೇಲೆ ಫ್ಲ್ಯಾಟ್ ಇರುವ ಸುಸ್ಥಿರ ಸಂಕೀರ್ಣ ಕಟ್ಟಬೇಕು. ಅಲ್ಲಿನವರಿಗೆ ಊರ ಹೊರಗೆ ನಿವೇಶನ ಕೊಟ್ಟರಾಯಿತು. ನಕ್ಷೆ ಲಗತ್ತಿಸಿದ್ದೇನೆ.
– ಓದುಗರೊಬ್ಬರು, ಬೀದರ್

ಉತ್ತರ: ಊರಿನ ಮೇಲೆ ಅಕ್ಕರೆ ಇಲ್ಲದವರು ಇಷ್ಟು ಅಂದವಾದ ನಕ್ಷೆ ಬರೆಯುವುದಿಲ್ಲ. ಮಳೆಗಾಲದಲ್ಲಿ ಚರಂಡಿ ಉಕ್ಕುತ್ತದೆ, ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರಲಾರದು ಎಂಬ ನಿಮ್ಮ ಮಾತು ಒಪ್ಪತಕ್ಕದ್ದೇ. ಆದರೆ ಕೆಳಗೆ ಅಂಗಡಿ, ಮೇಲೆ ಮನೆ ಎಂಬುದನ್ನು ಹೊಸದಾಗಿ ತರಬೇಕು ಅನ್ನುತ್ತೀರಲ್ಲ? ಚೌಬಾರಾದ ಬುಡದಲ್ಲಿ ನಿಂತು ಒಮ್ಮೆ ಕತ್ತೆತ್ತಿ ನೋಡಿ. ಅಲ್ಲಿ ತಲೆಮಾರುಗಳಿಂದ ಇರುವುದು ಅದೇ.

ಅದೇ ಓಣಿಗಳ ಬಿದರಿ ಕೆಲಸದವರ ಬಳಿ ಅರ್ಧ ದಿನ ಕುಳಿತುಕೊಳ್ಳಿ. ಸತು, ತಾಮ್ರದ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರವೆಂಬ ಲವಣ ಬೆರೆಸಿ, ಬಿಸಿ ಮಾಡಿದ ಹೂಜಿಗೆ ಬಳಿಯುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. ಎರಕ ಹೊಯ್ಯುವವರು, ಕೆತ್ತುವವರು, ಉಜ್ಜುವವರು ಕೂಗಳತೆಯಲ್ಲಿ ಇರುವುದರಿಂದಲೇ ಈ ಕಸುಬು ನಡೆದಿದೆ. ಇವರನ್ನು ಊರ ಹೊರಗೆ ಚದುರಿಸಿದರೆ ದಿನದ ಕೂಲಿ ಆಟೋ ಬಾಡಿಗೆಗೇ ಸರಿಹೋಗುತ್ತದೆ.

ನಮ್ಮ ದೊಡ್ಡಪ್ಪನಿಗೆ ರಸ್ತೆಬದಿಯಲ್ಲಿ ಪಾತ್ರೆ ಅಂಗಡಿಯಿತ್ತು. ರಸ್ತೆ ಅಗಲವಾದಾಗ ಹೊಸ ಕಟ್ಟಡದ ಎರಡನೆಯ ಮಹಡಿಯಲ್ಲಿ ಮಳಿಗೆ ಕೊಟ್ಟರು. ಒಂದು ಸ್ಟೀಲ್ ಕೊಡಕ್ಕಾಗಿ ಎರಡು ಮಹಡಿ ಹತ್ತುವವರು ಯಾರು? ವರ್ಷ ತುಂಬುವುದರೊಳಗೆ ಬಾಗಿಲು ಹಾಕಿದರು. ಬೀಗದ ಕೈಯನ್ನು ಮಾತ್ರ ಕೊನೆಯವರೆಗೂ ಜೇಬಿನಲ್ಲಿ ಇಟ್ಟುಕೊಂಡಿದ್ದರು.

ಇನ್ನು ಸುಸ್ಥಿರ ಎಂಬ ಮಾತು. ಬೀದರ್ ನಿಂತಿರುವುದು ಮಳೆನೀರು ಹೀರುವ ಕೆಂಪು ಮುರಕಲ್ಲಿನ ಮೇಲೆ. ಆ ಕಲ್ಲಿನ ಗುಣ ಅರಿತೇ ಬಹಮನಿಗಳ ಕಾಲದಲ್ಲಿ ಊರ ಪಕ್ಕದ ನೌಬಾದಿನ ಸುರಂಗ ಬಾವಿ ತೋಡಿದರು: ನೆಲದಡಿ ಕಾಲುವೆ, ಉದ್ದಕ್ಕೂ ಗಾಳಿ ಬೆಳಕಿಗೆ ಬಾವಿಗಳು. ಈ ನೆಲವನ್ನು ಅಗೆದು ಕಾರು ನಿಲ್ಲಿಸಿ, ಮೇಲೆ ಕಾಂಕ್ರೀಟ್ ಹಾಸಿದರೆ ಮಳೆನೀರು ಎಲ್ಲಿ ಇಂಗಬೇಕು? ಅಕ್ಕಪಕ್ಕದ ಗೋಡೆಗಳು ಒಂದಕ್ಕೊಂದು ನೆರಳು ಕೊಡುವ ಇಕ್ಕಟ್ಟಾದ ಓಣಿಯೇ ನಮ್ಮ ಮೇ ತಿಂಗಳ ಬಿಸಿಲಿಗೆ ತಕ್ಕದ್ದು.

ಹಳೆಯದನ್ನು ಮುಟ್ಟಲೇಬಾರದು ಎನ್ನುತ್ತಿಲ್ಲ. ಒಂದೊಂದೇ ಓಣಿ ಹಿಡಿಯಿರಿ. ಮೊದಲು ಒಳಚರಂಡಿ, ನೀರಿನ ಕೊಳವೆ, ಬೆಂಕಿ ಆರಿಸಲು ನಲ್ಲಿ, ಆಮೇಲೆ ಮನೆಗಳ ದುರಸ್ತಿ. 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅಹಮದಾಬಾದಿನಲ್ಲಿ ಪಾರಂಪರಿಕ ಮನೆ ಉಳಿಸಿಕೊಂಡವರು ಇನ್ನಷ್ಟು ಕಟ್ಟಲು ತಮಗಿದ್ದೂ ಬಳಸದೆ ಉಳಿದ ಹಕ್ಕನ್ನು ಮಾರಿ, ದುರಸ್ತಿಗೆ ಹಣ ಹೊಂದಿಸಿಕೊಳ್ಳುವ ದಾರಿಯಿದೆ. ನಮ್ಮಲ್ಲಿ ಅಂಥ ಮಾತೇ ಏಳುವುದಿಲ್ಲ. ಸಂವಿಧಾನಕ್ಕೆ 1992ರ 74ನೇ ತಿದ್ದುಪಡಿ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಯೋಜನೆಯೇ ಮೊದಲ ಬಾಬತ್ತು, ಅದು ಪುರಸಭೆ, ನಗರಸಭೆಗಳಿಗೆ ಸೇರಬೇಕಾದ ಕೆಲಸ. ಆದರೂ ನಮ್ಮ ಊರುಗಳ ನಕ್ಷೆ ದೂರದಲ್ಲೆಲ್ಲೋ ತಯಾರಾಗಿ ಬರುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಹಣ ಬರುತ್ತಿದೆ. ನಿಮಗೆ ಏನು ಬೇಕು ಎಂದು ಓಣಿಗೆ ಬಂದು ಕೇಳುವವರು ಬರುತ್ತಿಲ್ಲ. ನನ್ನ ಸಿಟ್ಟು ನಿಮ್ಮ ಮೇಲಲ್ಲ, ಇದರ ಮೇಲೆ.

ನಿಮ್ಮ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡೇ ಬರೆಯುತ್ತಿದ್ದೇನೆ. ಕಾರುಗಳಿಗೆ ಎರಡು ಅಂತಸ್ತು ಇವೆ, ಎರಕದ ಕುಲುಮೆಗೆ ಜಾಗ ಕಾಣಲಿಲ್ಲ. ಓಣಿಯವರ ಜೊತೆ ಕುಳಿತು ಇನ್ನೊಮ್ಮೆ ಬರೆದು ಕಳುಹಿಸಿ, ಪೂರ್ತಿ ಪುಟದಲ್ಲಿ ಅಚ್ಚು ಹಾಕುತ್ತೇನೆ.
– ಸಂಪಾದಕ